ತಂಗಿಯ ಮೊಳಕಾಲು, ನನ್ನ ಡಿಡಕ್ಟಿಬಲ್

ನನ್ನ ಮತ್ತು ತಂಗಿಯ ಬೇರೆ ಬೇರೆ ಹೆಲ್ತ್ ಪಾಲಿಸಿಗಳ ಹಳೆಯ ಪ್ಲ್ಯಾನ್ ನಿಲ್ಲಿಸಿದ್ದೇವೆ, ಹೊಸ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಕಂಪನಿಯ ಪತ್ರ ಬಂತು. ಅಷ್ಟರಲ್ಲಿ ತಂಗಿಯ ಎರಡೂ ಮೊಳಕಾಲಿನ ಆಪರೇಷನ್ನಿಗೆ ಧಾರವಾಡದ ಡಾಕ್ಟರು ತಿಂಗಳು ಗೊತ್ತು ಮಾಡಿಯಾಗಿತ್ತು. ಗಂಡ ತೀರಿಕೊಂಡ ಮೇಲೆ ಅವಳು ಮುನವಳ್ಳಿಯಲ್ಲಿ ನನ್ನೊಡನೆಯೇ ಇದ್ದಾಳೆ.

ಸವದತ್ತಿಯಿಂದ ಏಜೆಂಟ್ ಬಂದ. ನನ್ನ ಹಳೆಯ ವಿದ್ಯಾರ್ಥಿ, ಈಗ ಅವನ ತಲೆಯೂ ನರೆತಿದೆ.

"ಅಗ್ಗದ್ದ ತಗೋರಿ ಟೀಚರ್. ಪ್ರೀಮಿಯಂ ಅರ್ಧಕ್ಕರ್ಧ ಕಡಿಮಿ."

ಬೆಳಗಾವಿಯ ಕಾನ್ವೆಂಟಿನಲ್ಲಿ ಫುಟ್‌ನೋಟ್ ಬಿಟ್ಟು ಓದಿದರೆ ಸಿಸ್ಟರ್ ಇಡೀ ಪುಟ ಮತ್ತೆ ಓದಿಸುತ್ತಿದ್ದರು. ಆ ಹ್ಯಾಬಿಟ್ ಹೋಗಿಲ್ಲ. ಅಗ್ಗದ ಪ್ಲ್ಯಾನಿನ ಫುಟ್‌ನೋಟ್ ಹೀಗಿತ್ತು: ವರ್ಷಕ್ಕೆ ಆಸ್ಪತ್ರೆ ಬಿಲ್ಲಿನ ಮೊದಲ ಐವತ್ತು ಸಾವಿರ ನಾವೇ ಕಟ್ಟಬೇಕು, ಅದು ಡಿಡಕ್ಟಿಬಲ್. ಮಿಕ್ಕ ಬಿಲ್ಲಿನಲ್ಲೂ ಐದನೇ ಒಂದು ಪಾಲು ನಮ್ಮದು, ಅದು ಕೋ-ಪೇ.

ತಂಗಿ ಬಳ್ಳೊಳ್ಳಿ ಸುಲಿಯುತ್ತ ಕೇಳಿಸಿಕೊಂಡಳು. "ತಿಳೀತ ಬಿಡು. ಗಿರಣ್ಯಾಗ ಮೊದಲ ಹಾಕಿದ ಜ್ವಾಳ ಕಲ್ಲ ತಿಂತೈತಿ. ಉಳದದ್ರಾಗ ಪಾಲಿನಂವ ಪಾಲ ಒಯ್ತಾನ."

ಇಷ್ಟು ವರ್ಷ ಪಾಠ ಹೇಳಿದ ನನಗೂ ಹೀಗೆ ಸಮ್ಮರಿ ಮಾಡಲು ಬರುತ್ತಿರಲಿಲ್ಲ. ಅಪ್ಪನಿಗೆ ಒಬ್ಬಳ ಹಾಸ್ಟೆಲ್ ಫೀಸಿಗಷ್ಟೇ ಶಕ್ತಿ ಇತ್ತು. ನಾನು ಹೋದೆ, ಅವಳು ಒಲೆಯ ಮುಂದೆ ಉಳಿದಳು. ನನ್ನ ಟ್ರಂಕಿನ ಇನ್ನೊಂದು ಹಿಡಿಕೆ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಬಂದದ್ದೂ ಅವಳೇ.

"ಅಗ್ಗದ್ದ ಇರಲಿ ಅಕ್ಕಾ. ಒಂದ ಕಾಲ ಮಾಡಸೂಣು."

"ಒಂದ ಕಾಲಿಲೆ ಕುಂಟಬಿಲ್ಲಿ ಆಡತೀಯೇನ?" ಎಂದು ಏಜೆಂಟನತ್ತ ತಿರುಗಿದೆ. "ತುಟ್ಟಿ ಪ್ಲ್ಯಾನಿಗೆ ವೇಟಿಂಗ್ ಪೀರಿಯಡ್, ಅಂದ್ರ ಕ್ಲೇಮಿಗೆ ಕಾಯೂ ವರ್ಷ, ಮತ್ತ ಮೊದಲಿಂದ ಏನು?"

"ಇಲ್ರಿ, ಹಳೇ ವರ್ಷ ಎಲ್ಲಾ ಹಿಡೀತಾರ."

"ಕಾಗದದಾಗ ಎಲ್ಲೈತಿ, ತೋರಸು."

ತೋರಿಸಿದ. ಎರಡು ಸಲ ಓದಿದೆ. ಆಮೇಲೆ ಡಿಡಕ್ಟಿಬಲ್ಲೂ ಕೋ-ಪೇಯೂ ಇಲ್ಲದ ತುಟ್ಟಿಯ ಫಾರ್ಮನ್ನು ತಂಗಿಯ ಮುಂದಿಟ್ಟು, ಅಗ್ಗದ್ದನ್ನು ನನ್ನ ಹೆಸರಿಗೆ ತುಂಬಿದೆ. ಎರಡೂ ತುಟ್ಟಿಯದಾದರೆ ನನ್ನ ಪೆನ್ಷನ್ ತಾಳುವುದಿಲ್ಲ.

"ನಿಮಗ ಏನರ ಆದ್ರ, ಟೀಚರ್?"

ನಾನು ಬಾಯಿ ತೆರೆಯುವ ಮೊದಲೇ ತಂಗಿ ಅಂದಳು, "ಆಕಿಗೇನ ಆಗತೈತಿ. ಜ್ವರಾನೂ ಆಕೀನ ಅಪಾಯಿಂಟ್‌ಮೆಂಟ್ ಕೇಳಿ ಬರತೈತಿ."

ಆದರೂ ಅವಳು ಪೆನ್ನು ಮುಟ್ಟಲಿಲ್ಲ. "ನಂದ ಯಾಕ ತುಟ್ಟೀದು, ನಿಂದ ಯಾಕ ಅಗ್ಗದ್ದು?"

"ಸೈನ್ ಮಾಡು," ಎಂದೆ, ಕ್ಲಾಸಿನ ದನಿಯಲ್ಲಿ.

ಬೆರಳಿಗಂಟಿದ ಬಳ್ಳೊಳ್ಳಿ ಸಿಪ್ಪೆ ಸೆರಗಿಗೆ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಬರೆದು ಮುಗಿಸಿ ಏಜೆಂಟನನ್ನು ಕೇಳಿದಳು, "ಎರಡೂ ಕಾಲಿಗೆ ಇದೊಂದ ಸಹಿ ಸಾಕೇನ್ರಿ?"