ನಿಜಾಮುದ್ದೀನ್ ಅಳಿಸಿದ್ದು

ನಾಗಮಂಗಲದ ಬಸ್ ನಿಲ್ದಾಣದ ಹಿಂದೆ, ನನ್ನ ಟೈಲರ್ ಅಂಗಡಿಗೆ ಅಂಟಿಕೊಂಡೇ ನಿಜಾಮುದ್ದೀನನ ಮೊಬೈಲ್ ಅಂಗಡಿಯಿದೆ. ಈಚೆಗೆ ಅವನಿಗೆ ರಿಪೇರಿಗಿಂತ ಅಳಿಸುವ ಕೆಲಸವೇ ಹೆಚ್ಚು. ಕೆಲಸ ಕೊಡುವವರು ಈಗ ಅರ್ಜಿ ಹಾಕಿದವರ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ಎಲ್ಲ ಜಾಲಾಡುತ್ತಾರಂತೆ. ಹೆಣ್ಣು ನೋಡಲು ಬಂದವರೂ ಇಷ್ಟು ಕೆದಕುವುದಿಲ್ಲ! ಬಾರಿನ ಮುಂದೆ ತೆಗೆಸಿಕೊಂಡ ಫೋಟೊ, ಎಲೆಕ್ಷನ್ ಹೊತ್ತಿನ ಬೈಗುಳ, ಬಿಟ್ಟುಹೋದ ಹುಡುಗಿಯ ಹುಟ್ಟುಹಬ್ಬ, ಎಲ್ಲವನ್ನೂ ಇಂಟರ್‌ವ್ಯೂಗೆ ಮೊದಲೇ ತೆಗೆದುಕೊಡು ಎಂದು ಹುಡುಗರು ಇವನ ಮುಂದೆ ಫೋನು ಇಡುತ್ತಾರೆ.

ಮೊದಮೊದಲು ಅವನು ಒಂದೊಂದನ್ನೂ ನೋಡಿ ನಗುತ್ತಿದ್ದ, ನನ್ನನ್ನೂ ಕರೆದು ತೋರಿಸುತ್ತಿದ್ದ. ಮಗ ರಿಹಾನ್ ಬಾಬುರಾಯನಕೊಪ್ಪಲಿನ ಹತ್ತಿರ ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ನೋಡುವುದನ್ನೇ ಬಿಟ್ಟ. ಬೆರಳು ಒತ್ತುತ್ತಿರುತ್ತದೆ, ಕಣ್ಣು ಎಲ್ಲೋ ಇರುತ್ತದೆ. ಊಟ ಮಾಡುವುದೂ ಹಾಗೆಯೇ. ಒಮ್ಮೊಮ್ಮೆ ನನಗೆ ರೇಗಿಹೋಗಿ, ಭುಜ ಹಿಡಿದು ಅಲ್ಲಾಡಿಸಬೇಕು ಅನಿಸುತ್ತದೆ.

ಹೋದ ವಾರ ರಿಹಾನ್‌ನ ಗೆಳೆಯ ದಿಲೀಪ್ ಬಂದ. ಪಾಂಡವಪುರದ ಶಾಲೆಯೊಂದರಿಂದ ವ್ಯಾನ್ ಡ್ರೈವರ್ ಕೆಲಸಕ್ಕೆ ಕರೆ ಬಂದಿತ್ತು.

"ಚಾಚಾ, ಮುಂದ್ಗಡೆ ಚಕ್ರ ಎತ್ತಿ ಬೈಕ್ ಓಡ್ಸಿರೋ ವಿಡಿಯೊಗಳವೆ. ಫೋನೂ ಈಸ್ಕಂಡು ನೋಡ್ತಾರಂತೆ. ಒಂದೂ ಇರ್ಬಾರ್ದು."

"ಕೊಡ್ಲಾ ಇಲ್ಲಿ."

ದಿಲೀಪ್ ಟೀ ತರಲು ಹೋದ. ನಾನು ಗುಂಡಿ ಹಾಕುತ್ತಾ ಕೂತಿದ್ದೆ. ಪಕ್ಕದಿಂದ ಬೈಕಿನ ಸದ್ದು ಕೇಳಿತು, ಗಾಳಿಯ ಸದ್ದು ಕೇಳಿತು, ಆಮೇಲೆ ನಗುನಗುತ್ತಾ ಒಂದು ದನಿ: "ಇನ್ನೂ ಒಸಿ ಎತ್ಲಾ ದಿಲೀಪಾ!" ನನ್ನ ಸೂಜಿ ಹಾಗೇ ನಿಂತಿತು. ಅದು ರಿಹಾನ್‌ನ ದನಿ. ಬಗ್ಗಿ ನೋಡಿದರೆ ನಿಜಾಮುದ್ದೀನನ ಬೆರಳು ಆಗಲೇ ಮುಂದಕ್ಕೆ ಹೋಗಿತ್ತು. ಫೇಸ್‌ಬುಕ್ಕಿನಿಂದ ತೆಗೆದ, ಗ್ಯಾಲರಿಯಿಂದ ತೆಗೆದ, ಅಳಿಸಿದ್ದು ಹೋಗಿ ಬೀಳುವ ಬುಟ್ಟಿಯನ್ನೂ ಖಾಲಿ ಮಾಡಿದ. ನಾನು ಬಾಯಿ ಬಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದಿಲೀಪ್ ಟೀ ಹಿಡಿದು ಬಂದ. "ಚಾಚಾ, ರಿಹಾನ್ ಇರೋ ವಿಡಿಯೊಗಳ್ನ ನಿಮ್ ಫೋನ್ಗೆ ಆಕ್ಕಂಡ್ರಾ? ಅದ್ಕೇ ಬೇರೆ ಅಂಗ್ಡೀಗ್ ಓಗ್ದೆ ನಿಮ್ ತಾವ್ಲೇ ತಂದೆ. ಇನ್ಯಾರ್ ತಾವೂ ಅವಿಲ್ಲ."

ನಿಜಾಮುದ್ದೀನನ ಮುಖದಲ್ಲಿ ಏನೂ ಬದಲಾಗಲಿಲ್ಲ. ಫೋನನ್ನು ಬಟ್ಟೆಯಿಂದ ಒರೆಸಿ ಕೊಟ್ಟ.

"ಎಲ್ಲಾ ಓಯ್ತು ಕಣಪ್ಪ. ಧೈರ್ಯವಾಗಿ ಓಗ್ಬಾ."

ದಿಲೀಪ್ ಲೋಟವನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಟೀ ಆರಿತು. ನಿಜಾಮುದ್ದೀನ್ ಮುಂದಿನ ಫೋನು ಕೈಗೆತ್ತಿಕೊಂಡ, ಮತ್ತೆ ಕೆಳಗಿಟ್ಟು ನನ್ನತ್ತ ತಿರುಗಿದ.

"ಶಿವಲಿಂಗಯ್ಯ, ವಿಡಿಯೊದಲ್ಲಿ ನನ್ ಮಗ ಏನೋ ಅಂದ್ನಲ್ಲ, ನೀನ್ ಕೇಳಿಸ್ಕಂಡ್ಯಾ?"

"ಇನ್ನೂ ಒಸಿ ಎತ್ಲಾ ದಿಲೀಪಾ, ಅಂದ."

"ನಗ್ತಿದ್ನಾ?"

"ನಗ್ತಿದ್ದ."

ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, "ಅವ್ನ್ ಅಂದಿದ್ನ ಇನ್ನೊಂದ್ಸಲ ಏಳು," ಎಂದ.