ರಾಜೇಸಾಬ ಅರ್ಧಕ್ಕೆ ಬಿಟ್ಟ ಫೋಟೋ

ಅದು ೨೦೦೩ರ ಬೇಸಿಗೆ. ನಾನಾಗ ಮುದ್ದೇಬಿಹಾಳದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಇಂಡಿ, ಸಿಂದಗಿ, ಬಾಗೇವಾಡಿಯ ಕೆಲವು ಅಂಗಡಿಗಳ ಕಂಪ್ಯೂಟರ್ ಕೆಟ್ಟರೆ ನೋಡಿಕೊಡುವ ಹೊಣೆಯೂ ನನ್ನದೇ. ಬಸ್ಸಿನಲ್ಲಿ ಓಡಾಡಿ ಸಾಕಾಗಿ, ಫೋನ್ ಲೈನ್ ಮೂಲಕ ನನ್ನ ಕುರ್ಚಿಯಿಂದಲೇ ಅವನ್ನು ನಡೆಸುವ ಏರ್ಪಾಡು ಮಾಡಿಕೊಂಡಿದ್ದೆ.

ಸಿಂದಗಿಯ ಸಿದ್ದಣ್ಣನ ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದವನು ರಾಜೇಸಾಬ. ಹಳೆಯ ಫೋಟೋ ತಿದ್ದುವುದರಲ್ಲಿ ಎತ್ತಿದ ಕೈ. ಆದರೆ ಕೆಲಸ ಪೂರ್ತಿ ಮುಗಿಯುವ ತನಕ ಸೇವ್ ಮಾಡುತ್ತಿರಲಿಲ್ಲ. ನಾನು ಬೈದರೆ, “ಕೂಸು ಹುಟ್ಟೂದಕ್ಕಿಂತ ಮೊದಲ ಕುಲಾಯಿ ಹೊಲಿಸಬಾರದ್ರಿ ಅಕ್ಕಾರ” ಎಂದು ನಗುತ್ತಿದ್ದ.

ಒಂದು ಮಧ್ಯಾಹ್ನ ಸಿದ್ದಣ್ಣನ ಫೋನ್ ಬಂತು. ಚಹಾಕ್ಕೆಂದು ಎದ್ದುಹೋದ ರಾಜೇಸಾಬ ಹೋಟೆಲಿನ ಬಾಗಿಲಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ದವಾಖಾನೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು.

ಸಿದ್ದಣ್ಣ ಅಳುತ್ತಲೇ ಇನ್ನೊಂದು ಸಂಕಟ ಹೇಳಿದ. ಗುರುಬಸವ್ವ ಎಂಬ ತಾಯಿ ತೀರಿಹೋದ ಮಗಳ ಒಂದೇ ಒಂದು ಫೋಟೋವನ್ನು ತಿದ್ದಲು ಕೊಟ್ಟಿದ್ದಳು. ರಾಜೇಸಾಬ ಅದನ್ನು ಚೌಕಟ್ಟಿನ ಗಾಜಿನ ಸಮೇತ ಸ್ಕ್ಯಾನ್ ಮಾಡಿದ್ದ. ಇನ್ನೂ ಚೆನ್ನಾಗಿ ಬರಲೆಂದು ಗಾಜಿಗೆ ಅಂಟಿದ್ದ ಫೋಟೋ ಬಿಡಿಸಲು ಹೋದಾಗ ಮುಖವೇ ಕಿತ್ತುಬಂದಿತ್ತು. ಈಗ ಮಗಳ ಮುಖ ಉಳಿದಿದ್ದು ಆ ಕಂಪ್ಯೂಟರಿನಲ್ಲಿ ಮಾತ್ರ, ಅದೂ ಸೇವ್ ಆಗದೆ. ಪರದೆಯನ್ನು ಮುಚ್ಚಿಕೊಂಡಿದ್ದ ಸ್ಕ್ರೀನ್ ಸೇವರಿನ ಪಾಸ್‌ವರ್ಡ್ ರಾಜೇಸಾಬನೊಬ್ಬನಿಗೇ ಗೊತ್ತಿತ್ತು. ಆಗಲೇ ಕರೆಂಟು ಹೋಗಿ, ಬ್ಯಾಟರಿ ತೀರುತ್ತಿದೆಯೆಂದು ಯುಪಿಎಸ್ ಕೂಗಲು ಶುರು ಮಾಡಿತ್ತು.

“ನೀವ ಏನರ ಮಾಡ್ರಿ ಅಕ್ಕಾರ, ಆ ತಾಯಿ ಇಲ್ಲೇ ಕುಂತಾಳ” ಎಂದ.

ಫೋನ್ ಇಟ್ಟು, ಅದೇ ಲೈನಿಗೆ ನನ್ನ ಕಂಪ್ಯೂಟರಿನಿಂದ ಡಯಲ್ ಮಾಡಿದೆ. ಒಮ್ಮೆ ಹತ್ತಿತು, ಕಡಿಯಿತು. ಮತ್ತೆ ಹತ್ತಿದಾಗ ಸಿಂದಗಿಯ ಪರದೆ ನನ್ನ ಕಣ್ಣೆದುರು ಮೂಡಿತು. ಕಪ್ಪು ಪರದೆಯ ಮೇಲೆ ರಾಜೇಸಾಬ ಬರೆದಿಟ್ಟ ಮಾತು ಬಲದಿಂದ ಎಡಕ್ಕೆ ಹರಿಯುತ್ತಿತ್ತು: ‘ಚಾ ಕುಡದ ಬರ್ತೇನಿ, ಕುಂದರ್ರಿ.’

ಅದನ್ನು ತೆಗೆಯಲು ಕೈ ಏಳಲಿಲ್ಲ. ಆದರೆ ಯುಪಿಎಸ್ ನನ್ನ ಸಂಕಟ ಕೇಳಿಕೊಂಡು ಕಾಯುತ್ತದೆಯೇ? ಮಿಕ್ಕದ್ದನ್ನೆಲ್ಲ ಹಾಗೇ ಬಿಟ್ಟು ಸ್ಕ್ರೀನ್ ಸೇವರನ್ನು ಮಾತ್ರ, ಪಾಸ್‌ವರ್ಡಿನ ಹಂಗಿಲ್ಲದೆ, ಇಲ್ಲಿಂದಲೇ ನಿಲ್ಲಿಸಿದೆ. ಅಕ್ಷರಗಳು ಹೋದವು, ಹುಡುಗಿಯ ಮುಖ ಬಂತು. ಸೇವ್ ಮಾಡಲು ಹೋದರೆ ಫೈಲಿಗೆ ಹೆಸರು ಕೇಳಿತು. ಆಕೆಯ ಹೆಸರು ನನಗೆ ಗೊತ್ತಿರಲಿಲ್ಲ; ಕೇಳೋಣವೆಂದರೆ ಫೋನ್ ಲೈನೇ ಖಾಲಿ ಇಲ್ಲ. ‘ರಾಜೇಸಾಬ’ ಎಂದೇ ಬರೆದೆ. ಸೇವ್ ಆಗಿ ಸ್ವಲ್ಪ ಹೊತ್ತಿಗೆ ಪರದೆ ಆರಿಹೋಯಿತು.

ಮುಂದಿನ ವಾರ ಸಿಂದಗಿಗೆ ಹೋದೆ. ಫೋಟೋದಲ್ಲಿ ಮುಖ, ಜಡೆ, ಮುಡಿದ ಹೂವು ಚೊಕ್ಕವಾಗಿದ್ದವು. ಎಡಭುಜದ ಮೇಲಿನ ಕಲೆಗಳು ಹಾಗೇ ಉಳಿದಿದ್ದವು. ಅವನ್ನು ನಾನು ತಿದ್ದಿಕೊಡುತ್ತೇನೆ ಎಂದೆ. ಗುರುಬಸವ್ವ ಒಪ್ಪಲಿಲ್ಲ.

“ಬ್ಯಾಡ ತಂಗಿ. ಅವನ ಕೈ ಎಲ್ಲಿಗೆ ನಿಂತೈತಿ, ಅಲ್ಲಿಗೇ ಇರ್ಲಿ. ನನ್ನ ಮಗಳ ಕಡಿ ನೋಡಿದಾಗ ಅವನೂ ನೆನಪಾಗ್ಲಿ.”

ಕಲೆಯ ಸಮೇತವೇ ಫೋಟೋಕ್ಕೆ ಚೌಕಟ್ಟು ಹಾಕಿಸಿದಳು. ನಾನು ಮಾತ್ರ ಇವತ್ತಿಗೂ, ಯಾರಾದರೂ ಚಹಾ ಕುಡಿದು ಬರುತ್ತೇನೆ ಎಂದು ಎದ್ದುಹೋದರೆ, ಅವರು ತಿರುಗಿ ಬಂದು ಕೂರುವ ತನಕ ಬಾಗಿಲ ಕಡೆ ನೋಡುತ್ತಿರುತ್ತೇನೆ.