ಪುಕ್ಕವಿಲ್ಲದ ಮರಿಮೀನು

ನಾನು ಇವತ್ತಿನವರೆಗೂ ಟ್ರೌಟ್ ಮೀನನ್ನು ಕಣ್ಣಾರೆ ಕಂಡಿಲ್ಲ. ಮುಳಬಾಗಿಲಿನಲ್ಲಿ ಅದು ಸಿಗುವುದಿಲ್ಲ. ಸಿಕ್ಕರೂ ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ. ಆದರೂ ಆ ಮೀನಿಗಾಗಿ ಸ್ಟ್ರೀಮರ್ ಕಟ್ಟುತ್ತೇನೆ. ಗಾಳದ ಮೇಲೆ ನೂಲು, ಪುಕ್ಕ, ಕೂದಲು ಸುತ್ತಿ, ನೀರಿನಲ್ಲಿ ಮರಿಮೀನಿನಂತೆ ಕಾಣಿಸುವ ಹುಸಿ ತುತ್ತು ಅದು. ಬಿ.ಪಿ. ಹೆಚ್ಚಾಗಿದೆ, ಕೈಗೊಂದು ಹವ್ಯಾಸ ಹಚ್ಚಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಬೇರೆಯವರಾಗಿದ್ದರೆ ಗುಲಾಬಿ ಬೆಳೆಸುತ್ತಿದ್ದರು. ನಾನು ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ ಇದಕ್ಕೆ ಬಿದ್ದೆ. ಈಗ ಬಿ.ಪಿ.ಯ ಜೊತೆಗೆ, ಕಟ್ಟಿದ್ದು ಬಿಚ್ಚಿಹೋದೀತೆಂಬ ಚಿಂತೆಯೂ ಇದೆ.

ನಾನು ಕಟ್ಟಿದ್ದನ್ನು ನೀರಿಗಿಳಿಸುವವನು ಮಾಲೂರಿನ ನನ್ನ ಗೆಳೆಯ ಒಬ್ಬನೇ. ಆಗಾಗ ನೀಲಗಿರಿಯ ಹೊಳೆಗಳಿಗೆ ಹೋಗಿ, ಟ್ರೌಟ್ ಹಿಡಿದು, ಮತ್ತೆ ನೀರಿಗೇ ಬಿಟ್ಟು ಬರುತ್ತಾನೆ. ಎರಡು ಸಲ ನಾನು ಕಟ್ಟಿದವನ್ನು ಒಯ್ದಿದ್ದ. ಎರಡನೆಯ ಸಲ ಹೊಳೆಯ ದಡದಿಂದಲೇ ಫೋನ್ ಮಾಡಿದ.

“ಲೇ, ನಿನ್ನ ಮೀನು ನೀರಿಗಿಳಿದ ತಕ್ಷಣ ಬಟ್ಟೆ ಬಿಚ್ಕೊಂಡು ನಿಂತ್ಕೊಳ್ತು ಕಣೋ. ಇನ್ನೊಂದೇ ಸಲ ನೋಡ್ತೀನಿ. ಆಮೇಲೆ ಅಂಗಡೀದೇ ತಗೊಳ್ತೀನಿ, ಬೇಜಾರ್ ಮಾಡ್ಕೋಬೇಡ.”

ಮಾಡಿಕೊಂಡೆ. ಅವನೂ ಕೈಬಿಟ್ಟರೆ ನಾನು ಕಟ್ಟಿದ್ದಕ್ಕೆ ಲೋಕದಲ್ಲಿ ಬೇರೆ ನೀರಿರಲಿಲ್ಲ.

ನನಗೆ ಇನ್ನೊಂದು ತೊಡಕಿತ್ತು. ಅಮ್ಮನ ಮಡಿಯ ಮನೆಗೆ ಕೋಳಿ ಪುಕ್ಕ ಬರುವಂತಿಲ್ಲ. ಹಾಗಾಗಿ ಹುತ್ತೂರಿನ ಕಡೆ ರೇಷ್ಮೆ ಬಿಚ್ಚುವವರು ಬೇಡವೆಂದು ಬಿಟ್ಟ ಎಳೆಗಳನ್ನು ತಂದು, ಬಣ್ಣ ಹಾಕಿ, ಪುಕ್ಕದ ಜಾಗದಲ್ಲಿ ಕಟ್ಟುತ್ತಿದ್ದೆ: ಪೂರ್ತಿ ಬಿಳಿಯದು, ಬೆಲ್ಲದ ಬಣ್ಣದ್ದು, ಕರಿ ಬೆನ್ನಿನದು. ಹುಳ ಬೇಯಿಸಿ ತೆಗೆದ ರೇಷ್ಮೆ ಹೇಗೆ ಮಡಿಯೆಂದು ಅಮ್ಮನನ್ನು ಕೇಳಲಿಲ್ಲ. ಕೇಳಿದ್ದರೆ ಅದೂ ಹೋಗುತ್ತಿತ್ತು.

ಒಂದು ಭಾನುವಾರ ಬೆಳಗ್ಗೆ ಜಗಲಿಯ ಮೇಲೆ, ಗೆಳೆಯ ಹೇಳಿದ್ದ ಆ ಕೊನೆಯ ಸಲಕ್ಕೆಂದು ಕಟ್ಟುತ್ತಿದ್ದೆ. ಪಕ್ಕದಲ್ಲಿ ಅಮ್ಮ ಪೂಜೆಗೆ ಗೆಜ್ಜೆವಸ್ತ್ರ ಮಾಡುತ್ತಿದ್ದಳು. ಹತ್ತಿಯನ್ನು ಎಳೆದು, ಹೊಸೆದು, ಅಲ್ಲಲ್ಲಿ ಚಿವುಟಿ ಮಣಿಯಂತೆ ಮಾಡುವ ಹಾರ ಅದು. ಐದು ಮುಗಿಸಿದೆ. ಒಂದೊಂದನ್ನೂ ಬಕೆಟ್ ನೀರಿನಲ್ಲಿ ಆಡಿಸಿ ನೋಡಿದೆ. ಎರಡು ಕೆದರಿಕೊಂಡವು.

“ನೂಲನ್ನ ಯಾಕೋ ಹಾಗೆ ಮೆತ್ತಗೆ ಸುತ್ತುತ್ತೀಯ?”

“ಎಳೆದ್ರೆ ಕಿತ್ತೋಗುತ್ತಮ್ಮ.”

“ಕಿತ್ತೋಗಿದ್ಯಾ?”

ಯೋಚಿಸಿದೆ. ಒಂದು ಸಲವೂ ಕಿತ್ತಿರಲಿಲ್ಲ.

“ಕೊಡಿಲ್ಲಿ. ಮೀನಿನ ಬಾಯಿಗೆ ನೋವಾಗುತ್ತಲ್ವೇನೋ ಇದು?”

ಗಾಳದ ತುದಿಯಲ್ಲಿ, ಒಳಗೆ ಕಚ್ಚಿ ಹಿಡಿಯುವ ಹಿಮ್ಮುಖದ ಮುಳ್ಳನ್ನು ಇಕ್ಕಳದಿಂದ ಅಮುಕಿ ತೋರಿಸಿದೆ. ಹೀಗಾದರೆ ಗಾಳ ಸಲೀಸಾಗಿ ಬರುತ್ತದೆ ಎಂದೆ. ಅವಳು ಎರಡು ಸಲ ಬೆರಳಾಡಿಸಿ ನೋಡಿ ಒಪ್ಪಿದಳು. ಬೆರಳಿಗೆ ಚಿಟಿಕೆ ವಿಭೂತಿ ಹಚ್ಚಿಕೊಂಡು ಹತ್ತಿ ಹೊಸೆದು, ಚಿವುಟಿ ಚಿವುಟಿ ಗಾಳಕ್ಕೊಂದು ಬಿಳಿ ಹೊಟ್ಟೆ ಮಾಡಿದಳು. ಮೇಲೆ ಕರಿ ರೇಷ್ಮೆ. ಕತ್ತಿಗೆ ರವಿಕೆ ಹೊಲಿಯುವ ಕೆಂಪು ನೂಲು. ಪ್ರತಿ ಸುತ್ತಿಗೂ ನೂಲು ಸಣ್ಣಗೆ ಕಿರ್ ಎನ್ನುವಷ್ಟು ಎಳೆಯುತ್ತಿದ್ದಳು. ಈಗ ಕಿತ್ತೀತು, ಈಗ ಕಿತ್ತೀತು ಎಂದು ನಾನು ನೋಡುತ್ತಿದ್ದೆ. ಅವಳು ಹಾಲಿನವನು ತಡಮಾಡಿದ್ದನ್ನು ಬೈಯುತ್ತಿದ್ದಳು. ಆ ಬೆರಳುಗಳನ್ನು ಐವತ್ತು ವರ್ಷದಿಂದ ನೋಡುತ್ತಿದ್ದೇನೆ. ನೋಡಿದ್ದು ಅವತ್ತೇ.

ಬಕೆಟ್ಟಿನಲ್ಲಿ ಅರ್ಧ ಗಂಟೆ ಆಡಿಸಿದೆ. ಒಂದು ಎಳೆಯೂ ಏಳಲಿಲ್ಲ. ಕೆದರಿದ್ದ ಎರಡನ್ನು ಬಿಚ್ಚಿ, ಹಲ್ಲು ಕಚ್ಚಿಕೊಂಡು ಬಿಗಿಯಾಗಿ ಮತ್ತೆ ಕಟ್ಟಿದೆ. ಆರನ್ನೂ ಮಾಲೂರಿಗೆ ಕಳಿಸಿ, ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ.

ಒಂದು ಸಂಜೆ ಫೋನ್ ಬಂತು.

“ನಿನ್ನವು ಪರವಾಗಿಲ್ಲ ಕಣೋ, ಒಂದು ಬಿಚ್ಕೊಳ್ತು, ಮಿಕ್ಕವು ನಿಂತ್ವು. ಆದ್ರೆ ಆ ಬಿಳಿ ಹೊಟ್ಟೇದು ಯಾರು ಕಟ್ಟಿದ್ದು? ನೀನಂತೂ ಅಲ್ಲ. ಬೆಳಗ್ಗಿಂದ ಮೂರು ಮೀನು ಕಚ್ಚಿದ್ವು, ಅದು ಹೊಸದರ ಥರಾನೇ ಇದೆ. ಅಂಗಡಿ ಮಾತು ಬಿಡು, ಅಂಥದ್ದು ಇನ್ನೂ ಆರು ಬೇಕು.”

ಒಂದು ಕ್ಷಣ ನಾನೇ ಎನ್ನೋಣವೆನಿಸಿತು. “ಅಮ್ಮ,” ಎಂದೆ.

“ಅವ್ರು ಮಡಿ ಅಲ್ವೇನೋ?” ಎಂದ.

ಒಳಗೆ ಹೋಗಿ ಅಮ್ಮನಿಗೆ ಸುದ್ದಿ ಹೇಳಿದೆ. ಆರ್ಡರಿನ ಮಾತು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

“ಮೂರನ್ನೂ ಬಿಟ್ಟನೇನೋ?”

“ಬಿಟ್ಟನಂತೆ. ಬಾಲ ಬಡ್ಕೊಂಡು ಹೋದ್ವಂತೆ.”

ಹತ್ತಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ಮುಳ್ಳು ಅಮುಕಿ ಕೊಡು. ನೀನು ಅಷ್ಟು ಮಾಡಿದ್ರೆ ಸಾಕು.”